ಏಳು ಬ್ಯಾಂಡಿನ ಇಕ್ಯೂ ಪೆಡಲ್: ಓವರ್‌ಡ್ರೈವ್‌ಗಿಂತ ಮೊದಲ ಇಡಬೇಕೋ, ಆಮ್ಯಾಲೆ ಇಡಬೇಕೋ?

ತಿಲಕವಾಡಿ_ತಂತಿ (ಬೆಳಗಾವಿ)
ನಮಸ್ಕಾರ್ರೀ. ಆರ್ಕೆಸ್ಟ್ರಾದಾಗ ಎರಡು ಕೀಬೋರ್ಡ್, ಬೇಸ್, ಪ್ಯಾಡ್, ಢೋಲಕ್ ಅದಾವ. ಗಿಟಾರ್ ಒಂದ ಬಾರಿಸಿದ್ರ ದಪ್ಪಗ, ಚಂದ ಕೇಳತೈತಿ. ಎಲ್ಲಾರೂ ಚಾಲೂ ಮಾಡಿದ್ರ ಮುಳಗಿ ಹೋಗತೈತಿ. ಹಂಬಕರ್ (ಎರಡು ಸುರುಳಿ ಪಿಕಪ್ಪಿನ) ಗಿಟಾರ್, ಟ್ಯೂಬ್ ಸ್ಕ್ರೀಮರ್ ನಮೂನಿ ಓವರ್‌ಡ್ರೈವ್ (ದನಿ ಒಡಿಸೂ ಪೆಡಲ್), ಡಿಜಿಟಲ್ ಡಿಲೇ (ಮಾರ್ದನಿ ಪೆಡಲ್), ಸ್ಪೀಕರ್ ಕೂಡಿದ ಕಾಂಬೊ ಆಂಪ್. ಆಂಪಿಗೆ ಎಫೆಕ್ಟ್ಸ್ ಲೂಪ್ (ಆಂಪಿನ ಒಳಗ ನಡುವ ಪೆಡಲ್ ಜೋಡಿಸೂ ಜಾಗಾ) ಇಲ್ಲ. ಬಾಸ್ ಜಿಇ-7 ಅನ್ನೂ ಇಕ್ಯೂ ಪೆಡಲ್ (ದನಿಯ ದಪ್ಪ, ನಡು, ತೆಳು ಭಾಗ ಸ್ಲೈಡರಿಂದ ಏರಿಸಿ ಇಳಿಸೂದು) ಈಗ ಗಿಟಾರಿಗೂ ಡ್ರೈವಿಗೂ ನಡುವ ಐತಿ. ಸೋಲೋಕ್ಕ ಅದರ ಲೆವೆಲ್ ಏರಿಸಿದ್ರ ಸೌಂಡ್ ದೊಡ್ಡದಾಗವಲ್ದು, ಡ್ರೈವ್ ಅಷ್ಟ ಹೆಚ್ಚಾಗತೈತಿ. ಏನ್ ಮಾಡ್ಬೇಕ್ರಿ?

ಗುಮ್ಮಟದ_ದನಿ (ವಿಜಯಪುರ)
ಜಾಗಾ ಬದಲ್ ಮಾಡ್ರಿ. ಗಿಟಾರ್, ಡ್ರೈವ್, ಇಕ್ಯೂ, ಡಿಲೇ, ಆಂಪ್, ಹಿಂಗ ಇರಲಿ. ಡ್ರೈವ್ ಪೆಡಲಿನ ಡಯೋಡ್ ಒಂದು ಮಟ್ಟಕ್ಕ ಸಿಗ್ನಲ್ಲಿನ ತಲಿ ಕತ್ತರಸ್ತದ. ಅದಕ್ಕಿಂತ ಮೊದಲ ಎಷ್ಟ ಏರಿಸಿದ್ರೂ ಕತ್ತರಿಸೂದು ಹೆಚ್ಚಾಗ್ತದ, ಗಾತ್ರ ಹೆಚ್ಚಾಗೂದಿಲ್ಲ. ಡ್ರೈವ್ ಆದಮ್ಯಾಲೆ ಇಟ್ರ ಲೆವೆಲ್ ಸ್ಲೈಡರ್ 4 ಡಿಬಿ ಏರಿಸಿದ್ರೂ ಸೋಲೋ ಮುಂದ ಬರ್ತದ. ಆಂಪ್ ಮಾತ್ರ ಕ್ಲೀನ್ ಇರಬೇಕು. ಅದೂ ಒಡೀಲಿಕ್ಕತ್ತಿದ್ರ ಮತ್ತ ಅದ ಕಥಿ.

ಮುಳಗೂದಕ್ಕ ಕಾರಣ ನೀವು ಹೇಳಿದ ಆ ದಪ್ಪನ. ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಸ್. ಅಲ್ಲಿಂದ 250ರ ತನಕ ಬೇಸ್, ಢೋಲಕ್ಕಿನ ಎಡಭಾಗ, ಕೀಬೋರ್ಡಿನ ಎಡಗೈ ಎಲ್ಲಾ ಕೂತಿರ್ತಾವ. 100 ಹರ್ಟ್ಸಿನ ಸ್ಲೈಡರ್ 6 ಡಿಬಿ ಇಳಸ್ರಿ, 200ರದ್ದು 3 ಡಿಬಿ, 400ರದ್ದು 2 ಡಿಬಿ. 800 ಸ್ಲೈಡರ್ 4 ಡಿಬಿ ಏರಸ್ರಿ. ಒಂದ ಬಾರಿಸುವಾಗ ತೆಳ್ಳಗ ಅನಸ್ತದ, ಅಂಜಬ್ಯಾಡ್ರಿ. ಎಲ್ಲಾರೂ ಬಾರಸ್ತಿರುವಾಗ ಕೇಳಿ ಸೆಟ್ ಮಾಡ್ರಿ.

ಘಟಪ್ರಭಾ_ಫ್ರೆಟ್ (ಬಾಗಲಕೋಟೆ)
ಮ್ಯಾಲಿನವ್ರು ಹೇಳಿದ್ದು ಬರೋಬ್ಬರಿ, ಆದ್ರ 800ಕ್ಕ 4 ಡಿಬಿ ಬ್ಯಾಡ್ರಿ. ಟ್ಯೂಬ್ ಸ್ಕ್ರೀಮರ್ ತಾನ 720 ಹರ್ಟ್ಸ್ ಸುತ್ತ ಉಬ್ಬಸ್ತೈತಿ. ಅದರ ಮ್ಯಾಲ ಇದೂ ಕೂಡಿದ್ರ ಮೂಗಿನ್ಯಾಗ ಹಾಡಿದಂಗ ಆಗತೈತಿ. 800 ಹಂಗ ಬಿಟ್ಟು 1.6 ಕಿಲೋಹರ್ಟ್ಸ್ 3 ಡಿಬಿ ಏರಸ್ರಿ, ಪಿಕ್ ತಂತಿಗೆ ತಾಗೂದು ಅಲ್ಲೇ ಎದ್ದು ಕೇಳತೈತಿ.

ಇನ್ನೊಂದು, ರಿದಮ್ ಸೆಟ್ಟಿಂಗಿನಾಗ ಪೆಡಲ್ ಆನ್ ಆಫ್ ಮಾಡಿ ಎರಡೂ ಕಡೆ ಗಾತ್ರ ಒಂದ ಆಗೂಹಂಗ ಲೆವೆಲ್ ಕೂಡಿಸಿ ಟೋನ್ ಹೋಲಸ್ರಿ. ಜೋರಾಗಿದ್ದು ಕಿವಿಗೆ ಯಾವಾಗಲೂ ಚಲೋ ಅನಸ್ತೈತಿ, ಅದರಿಂದ ಮೋಸ ಹೋಗತೀರಿ. ಸೋಲೋ ಬೂಸ್ಟ್ ಆಮ್ಯಾಲಿನ ಮಾತು.

ತಿಲಕವಾಡಿ_ತಂತಿ (ಬೆಳಗಾವಿ)
ಹಂಗ ಮಾಡಿದೆ, ಗಿಟಾರ್ ಈಗ ಸ್ಪಷ್ಟ ಕೇಳತೈತಿ! ಆದ್ರ ಸುಸ್ಸ್ ಅನ್ನೂ ಸಪ್ಪಳ ಹೆಚ್ಚಾಗೇತಿ, ಜೋಡಿ ಗುಂಯ್ ಅಂತೈತಿ. ಎಲ್ಲಾ ಪೆಡಲಿಗೂ ಒಂದ ಅಡಾಪ್ಟರಿನ ಚೈನ್ ವೈರ್ ಐತಿ.

ಗುಮ್ಮಟದ_ದನಿ (ವಿಜಯಪುರ)
ಸುಸ್ಸಿಗೆ 6.4 ಕಿಲೋಹರ್ಟ್ಸ್ ಸ್ಲೈಡರ್ 5 ಡಿಬಿ ಇಳಸ್ರಿ. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ದಾಟಿದ ಮ್ಯಾಲೆ ತಾನ ಇಳೀತದ, ಕಳಕೊಳ್ಳೂದು ಕಡಿಮಿ.

ಗುಂಯ್ ಅನ್ನೂದನ್ನ ಸ್ಲೈಡರ್‌ನಿಂದ ತಗೀಲಿಕ್ಕೆ ಹೋಗಬ್ಯಾಡ್ರಿ. ನಮ್ಮ ಕರೆಂಟ್ 50 ಹರ್ಟ್ಸ್, ಅದರ ಮರಿಗಳು 100, 150, ಮ್ಯಾಲ ಮ್ಯಾಲ ಹೋಗ್ತಾವ, ಒಂದು ಸ್ಲೈಡರಿಗೆ ಸಿಗೂದಿಲ್ಲ. ಗಿಟಾರಿನ ವಾಲ್ಯೂಮ್ ಸೊನ್ನಿಗೆ ತಿರಗಸ್ರಿ. ನಿಂತ್ರ ತಪ್ಪು ಗಿಟಾರ್ ಕಡೆ. ನಿಲ್ಲಲಿಲ್ಲಂದ್ರ ಜಿಇ-7ಗೆ 9 ವೋಲ್ಟ್ ಬ್ಯಾಟರಿ ಹಾಕಿ ಚೈನ್ ವೈರ್ ಬಿಚ್ಚಿ ನೋಡ್ರಿ. ಆಗ ಹೋತಂದ್ರ ಡಿಜಿಟಲ್ ಡಿಲೇದ ಗದ್ದಲ ಅದ ವೈರಿನ್ಯಾಗ ಬರ್ಲಿಕತ್ತದ. ಡಿಲೇಕ್ಕ ಬ್ಯಾರೆ ಅಡಾಪ್ಟರ್ ಕೊಡ್ರಿ, ಇಲ್ಲಾ ಐಸೊಲೇಟೆಡ್ ಸಪ್ಲೈ (ಪ್ರತಿ ಪೆಡಲಿಗೂ ಬ್ಯಾರೆ ಬ್ಯಾರೆ ಕರೆಂಟ್ ಕೊಡೂದು) ತೊಗೊಳ್ರಿ. ಬ್ಯಾಟರಿ ಇದ್ದಾಗ ಬಾರಸೂದು ಮುಗದ ಮ್ಯಾಲೆ ಇನ್‌ಪುಟ್ ಜ್ಯಾಕ್ ತಗದ ಇಡಬೇಕು, ಅದ ಸ್ವಿಚ್. ಹಾಕಿ ಬಿಟ್ರ ಬಾರಸದಿದ್ರೂ ಬ್ಯಾಟರಿ ಇಳೀತದ.

ಘಟಪ್ರಭಾ_ಫ್ರೆಟ್ (ಬಾಗಲಕೋಟೆ)
ಅಡಾಪ್ಟರ್ 9 ವೋಲ್ಟ್ ಡಿಸಿ, ನಡುವಿನ ಪಿನ್ ನೆಗೆಟಿವ್ ಇರಬೇಕು. ಎಮ್‌ಎಕ್ಸ್‌ಆರ್ ಹತ್ತು ಬ್ಯಾಂಡಿನ ಪೆಡಲಿಗೆ 18 ವೋಲ್ಟಿಂದು ಬರತೈತಿ, ಅದನ್ನ ಇದಕ್ಕ ಚುಚ್ಚಬ್ಯಾಡ್ರಿ.

ಮತ್ತ ಪೆಂಡಾಲಿನ್ಯಾಗ ಗುಂಯ್ ಅಂದ್ರ ಕೆಲವ್ರು ಆಂಪಿನ ಮೂರು ಪಿನ್ ಪ್ಲಗ್ಗಿನ ಅರ್ಥ್ ಪಿನ್ನ ಮುರೀತಾರ. ಸಪ್ಪಳ ನಿಲ್ಲತೈತಿ, ಆದ್ರ ಆಂಪಿನ್ಯಾಗ ಶಾರ್ಟ್ ಆದ್ರ ತಂತಿ ಹಿಡದಿದ್ದವನ ತುಟಿ ಮೈಕಿಗೆ ತಾಗಿದ ಕೂಡಲೆ ಶಾಕ್ ಹೊಡೀತೈತಿ, ಜೀವಾನೂ ಹೋಗಬಹುದು. ಅರ್ಥ್ ಪಿನ್ನಿಗೆ ಕೈ ಹಚ್ಚಬ್ಯಾಡ್ರಿ. ಆಂಪ್, ಮಿಕ್ಸರ್ ಎರಡೂ ಒಂದ ಬೋರ್ಡಿಗೆ ಹಾಕ್ರಿ, ಬಹಳ ಸರ್ತಿ ಅಷ್ಟಕ್ಕ ನಿಲ್ಲತೈತಿ.