ಅಪ್ಪನ ಪಿಎಸ್‌ಎ ಮತ್ತೆ ಏರಿದೆ, ಇದನ್ನು ದಾಟಿದವರು ಹೇಳ್ತೀರಾ?

ಅಪ್ಪನಿಗೆ 71. ನಾಲ್ಕು ವರ್ಷದ ಹಿಂದೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಆ ಗ್ರಂಥಿಯನ್ನೇ ತೆಗೆದಿದ್ದರು. ಆಮೇಲೆ ಪಿಎಸ್‌ಎ (ಈ ಕ್ಯಾನ್ಸರ್ ಮೇಲೆ ಕಣ್ಣಿಡೋಕೆ ಮಾಡಿಸೋ ರಕ್ತ ಪರೀಕ್ಷೆಯ ಅಂಕಿ) 0.1ರ ಕೆಳಗೇ ಇತ್ತು. ಈ ಸಲ 0.21 ಬಂದಿದೆ. ಆರು ವಾರ ಬಿಟ್ಟು ಮತ್ತೆ ಮಾಡಿಸಿ ಅಂದಿದ್ದಾರೆ ಡಾಕ್ಟರು. ಅಪ್ಪನಿಗೆ ಇನ್ನೂ ಹೇಳಿಲ್ಲ. ಈ ಆರು ವಾರ ಹೇಗೆ ಕಳೆಯೋದು?
(ಹುಬ್ಬಳ್ಳಿಯಿಂದ, ಮಗಳು)

ಧಾರವಾಡದಿಂದ:
ಅಕ್ಕಾರ, ಮೊದಲು ಅಪ್ಪಾರಿಗೆ ಹೇಳಿಬಿಡಿ. ನಾವು ಮುಚ್ಚಿಟ್ಟು ಕೆಟ್ಟೆವು. ಲ್ಯಾಬಿನವರು ರಿಪೋರ್ಟನ್ನು ಅಪ್ಪನ ಮೊಬೈಲಿಗೂ ಕಳಿಸಿದ್ದರು. ಎಂಟು ದಿನ ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು, ಮನೆಯಲ್ಲಿ ಮಾತ್ರ ಎಲ್ಲರೂ ಮಳೆ ಬಗ್ಗೆ ಮಾತಾಡ್ತಿದ್ದೆವು. ಕೊನೆಗೆ ಅವರೇ, "ರಕ್ತ ನಂದು, ಗುಟ್ಟು ನಿಮ್ದೇನ್ರೋ?" ಅಂದರು.

ಆಪರೇಷನ್ ಆದವರಲ್ಲಿ 0.2 ಅಥವಾ ಜಾಸ್ತಿ ಬಂದು, ಎರಡನೇ ಟೆಸ್ಟಿನಲ್ಲೂ ಹಾಗೇ ಇದ್ದರೆ ಸಾಮಾನ್ಯವಾಗಿ ಮರುಕಳಿಸಿದೆ ಅಂತಾರೆ. ಅದಕ್ಕೇ ಮತ್ತೆ ಮಾಡಿಸೋದು. ಅದೇ ಲ್ಯಾಬಿನಲ್ಲೇ ಮಾಡಿಸಿ, ಲ್ಯಾಬ್ ಬದಲಾದರೆ ಅಂಕಿಯೂ ಸ್ವಲ್ಪ ಆಚೀಚೆ ಆಗುತ್ತೆ. ಹಳೆ ರಿಪೋರ್ಟೆಲ್ಲ ತೆಗೆದು ತಾರೀಖು, ಅಂಕಿ ಒಂದೇ ಹಾಳೆಯಲ್ಲಿ ಬರೆಯಿರಿ. ನಮ್ಮ ಡಾಕ್ಟರು ದಪ್ಪ ಫೈಲನ್ನು ಬದಿಗಿಟ್ಟು ಆ ಹಾಳೆಯನ್ನೇ ನೋಡಿದರು. ಎಷ್ಟು ತಿಂಗಳಲ್ಲಿ ದುಪ್ಪಟ್ಟಾಯ್ತು ಅನ್ನೋದನ್ನು ಲೆಕ್ಕ ಹಾಕಿದರು.

ಅಪ್ಪಂದು 0.3 ಇದ್ದಾಗ ಬೆಂಗಳೂರಿಗೆ ಹೋಗಿ, ಕ್ಯಾನ್ಸರ್ ಮೈಯಲ್ಲಿ ಎಲ್ಲಿದೆ ಅಂತ ಹುಡುಕೋ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಮಾಡಿಸಿದೆವು. ಏನೂ ಕಾಣಲಿಲ್ಲ. ಪೇಡೆ ಹಂಚಿದೆವು! ಪಿಎಸ್‌ಎ ಇಷ್ಟು ಕಡಿಮೆ ಇದ್ದಾಗ ರೋಗ ಇದ್ದರೂ ಸ್ಕ್ಯಾನಿನಲ್ಲಿ ಕಾಣದೇ ಇರಬಹುದು ಅಂತ ಆಮೇಲೆ ತಿಳಿಯಿತು. ಗ್ರಂಥಿ ಇದ್ದ ಜಾಗಕ್ಕೆ 33 ಸಲ ರೇಡಿಯೇಷನ್ ಕೊಟ್ಟರು. ಪ್ರತಿ ಸಲ ನೀರು ಕುಡಿದು, ಮೂತ್ರ ತಡೆದುಕೊಂಡು ಮಲಗಬೇಕು. ಚಿಗರಿ ಬಸ್ಸಿನಲ್ಲೇ ಬಾಟಲಿ ಖಾಲಿ ಮಾಡಿ ಒಮ್ಮೆ ಫಜೀತಿ ಆಯ್ತು. ಆಸ್ಪತ್ರೆ ಮುಟ್ಟಿದ ಮೇಲೆ ಕುಡಿಸಿ.

ಗದಗದಿಂದ:
ಆಪರೇಷನ್ ಇಲ್ಲದೆ ರೇಡಿಯೇಷನ್ ಆದವರ ಲೆಕ್ಕ ಬೇರೆ ರೀ. ಅತಿ ಕಡಿಮೆ ಬಂದ ಅಂಕಿಗಿಂತ 2 ಜಾಸ್ತಿ ಆದರೆ ಮರುಕಳಿಸಿದೆ ಅಂತಾರೆ. ನಮ್ಮ ಕಾಕಾಂದು 0.4ರಿಂದ 1.1ಕ್ಕೆ ಏರಿ ತಾನಾಗೇ ಇಳಿಯಿತು. ಅಲ್ಲಿವರೆಗೆ ಸುಮ್ನೆ ಯೂಟ್ಯೂಬ್ ನೋಡಿ ನಿದ್ದೆಗೆಟ್ಟಿದ್ದೆವು.

ಹಾವೇರಿಯಿಂದ:
ಮುಂದೆ ಹಾರ್ಮೋನ್ ಇಂಜೆಕ್ಷನ್ ಅಂದರೆ ಒಂದು ಮಾತು. ನಮ್ಮಪ್ಪನಿಗೆ ಮೂರು ತಿಂಗಳಿಗೊಂದು ಇತ್ತು. ರಾತ್ರಿ ಧಗೆ ಅಂತ ಎದ್ದು ಕೂಡೋರು, ಬನಿಯನ್ ಪೂರ್ತಿ ಒದ್ದೆ. ಬ್ಯಾಡಗಿ ಖಾರ ಜಾಸ್ತಿ ಆಯ್ತೇನೋ ಅಂತ ಅವ್ವ ಎರಡು ತಿಂಗಳು ಸಪ್ಪನೆ ಅಡುಗೆ ಹಾಕಿದಳು. ಅದು ಇಂಜೆಕ್ಷನ್ ಕೆಲಸ! ಅಪ್ಪ ನಾಚಿಕೆಯಿಂದ ಡಾಕ್ಟರಿಗೆ ಹೇಳಿರಲಿಲ್ಲ. ಐದು ನಿಮಿಷ ಅವರೊಬ್ಬರನ್ನೇ ಒಳಗೆ ಬಿಡಿ, ನೀವು ಹೊರಗೆ ಕೂಡಿ. ಮಕ್ಕಳ ಮುಂದೆ ಕೆಲವು ಮಾತು ಬಾಯಿಗೆ ಬರೋದಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಚಿಕಿತ್ಸೆ ಶುರುವಾಗೋ ಮೊದಲೇ ಆಸ್ಪತ್ರೆಯ ಆಯುಷ್ಮಾನ್ ಕೌಂಟರಿನಲ್ಲಿ ವಿಚಾರಿಸಿ.

ಹುಬ್ಬಳ್ಳಿಯಿಂದ, ಮಗಳು:
ಇವತ್ತು ಸಂಜೆ ಹೇಳಿದೆ. "ಹೌದಾ? ಚಹಾ ಇಡು" ಅಂದರು. ಹಳೆ ರಿಪೋರ್ಟುಗಳನ್ನು ಈಗ ಅವರೇ ಜೋಡಿಸ್ತಿದ್ದಾರೆ. 2022ರದೊಂದು ಸಿಗ್ತಿಲ್ಲ ಅಂತ ನನಗೇ ಬೈತಿದ್ದಾರೆ.