ಮಾಸ್ಕಿಂಗ್ ಟೇಪ್ ಜೊತೆ ಬಣ್ಣವೂ ಕಿತ್ತು ಬಂತು (1/350 ಬಿಸ್ಮಾರ್ಕ್)

ಮೊದಲ_ಹಡಗು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇದಕ್ಕೆ ಮೊದಲು ಎರಡು ವಿಮಾನದ ಕಿಟ್ ಮಾಡಿದ್ದೆ, ಆ ಧೈರ್ಯದ ಮೇಲೆ ಈ ಸಲ 1/350 ಬಿಸ್ಮಾರ್ಕ್‌ಗೆ ಕೈ ಹಾಕಿದ್ದೇನೆ (ಎರಡನೇ ಮಹಾಯುದ್ಧದ ಜರ್ಮನ್ ಯುದ್ಧನೌಕೆ, ಅಸಲಿಯ 350ನೇ ಒಂದು ಭಾಗದಷ್ಟು ಉದ್ದದ ಪ್ಲಾಸ್ಟಿಕ್ ಕಿಟ್). ಅಸಲಿ ಹಡಗು ಸುಮಾರು 251 ಮೀಟರ್ ಉದ್ದ, ಮಾಡೆಲ್ ಹತ್ತಿರ ಹತ್ತಿರ 72 ಸೆಂ.ಮೀ. ಲೆಕ್ಕದಲ್ಲಿ ಗೊತ್ತಿತ್ತು, ಆದರೆ ಹಲ್ ಅನ್ನು, ಅಂದ್ರೆ ಹಡಗಿನ ಒಡಲನ್ನು, ಮೇಜಿನ ಮೇಲೆ ಇಟ್ಟಾಗಲೇ ಎದೆ ಝಲ್ ಅಂದಿದ್ದು.

ಹಲ್ ಕೆಳಭಾಗಕ್ಕೆ ಬ್ರಷ್‌ನಲ್ಲಿ ಕೆಂಪು ಬಳಿದೆ, ಅಕ್ರಿಲಿಕ್. ಅವತ್ತೇ ಸಂಜೆ ಮುಟ್ಟಿ ನೋಡಿದರೆ ಒಣಗಿತ್ತು. ವಾಟರ್‌ಲೈನ್ (ನೀರಿನ ಮಟ್ಟದ ಗೆರೆ) ಉದ್ದಕ್ಕೂ ಟೇಪ್ ಹಚ್ಚಿ ಮೇಲೆ ಬೂದು ಬಣ್ಣ ಸ್ಪ್ರೇ ಮಾಡಿದೆ. ಟೇಪ್ ಕಿತ್ತರೆ ಎರಡು ಕಡೆ ಕೆಂಪೂ ಅದರ ಜೊತೆಗೇ ಬಂತು, ಒಳಗಿನ ಪ್ಲಾಸ್ಟಿಕ್ ಕಾಣಿಸ್ತಿದೆ. ಉಳಿದ ಕಡೆ ಬೂದು ಟೇಪ್ ಅಡಿಗೆ ನುಗ್ಗಿ ಗೆರೆ ಗರಗಸದ ಹಲ್ಲಿನ ಹಾಗೆ ಆಗಿದೆ. ಪೂರ್ತಿ ಬಣ್ಣ ತೆಗೆದು ಮೊದಲಿಂದ ಶುರು ಮಾಡಬೇಕಾ?

ಇನ್ನೂ ಎರಡು ಪ್ರಶ್ನೆ. ಡೆಕ್ ಮೇಲೆ ಸೂಪರ್‌ಸ್ಟ್ರಕ್ಚರ್‌ನ (ಮೇಲಿನ ಕಟ್ಟಡದ) ಮೊದಲ ಎರಡು ಅಂತಸ್ತು ಆಗಲೇ ಅಂಟಿಸಿಬಿಟ್ಟಿದ್ದೇನೆ, ಈಗ ಡೆಕ್‌ಗೆ ಬಣ್ಣ ಹಚ್ಚಲು ಬ್ರಷ್ ಒಳಗೆ ಹೋಗ್ತಿಲ್ಲ. ಮತ್ತೆ, ಪೆಟ್ಟಿಗೆಯ ಚಿತ್ರದಲ್ಲಿ ಹಲ್ ಮೇಲೆ ಕಪ್ಪು-ಬಿಳಿ ಪಟ್ಟೆ ಇದೆ. ನನಗೆ ಬ್ರಿಟಿಷ್ ಯುದ್ಧನೌಕೆ ಹುಡ್ ಅನ್ನು ಮುಳುಗಿಸಿದ ದಿನದ ಹಾಗೆ ಬೇಕು. ಪಟ್ಟೆ ಹಾಕಬೇಕಾ ಬೇಡವಾ?

ಗೋಂದುಗೈ:

ಗಾಬರಿ ಬೇಡ, ಪೂರ್ತಿ ತೆಗೆಯುವಂಥದ್ದೇನೂ ಆಗಿಲ್ಲ. ಪ್ರೈಮರ್ (ಬಣ್ಣ ಕಚ್ಚಿಕೊಳ್ಳಲಿ ಅಂತ ಮೊದಲು ಕೊಡುವ ಕೋಟ್) ಹೊಡೆದಿದ್ರಾ? ಬರೆದಿಲ್ಲ ಅಂದ್ರೆ ಇಲ್ಲ ಅಂತಲೇ ಅಂದುಕೊಳ್ತೇನೆ. ಕಿಟ್‌ನ ಭಾಗಗಳು ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಅಚ್ಚಿಗೆ ಎಣ್ಣೆಯಂಥದ್ದು ಹಾಕಿರ್ತಾರೆ. ಅದು ಪ್ಲಾಸ್ಟಿಕ್ ಮೇಲೆ ಉಳಿದರೆ ಬಣ್ಣ ಕಚ್ಚಿಕೊಳ್ಳಲ್ಲ. ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಹಳೇ ಹಲ್ಲುಜ್ಜುವ ಬ್ರಷ್, ಇಷ್ಟೇ ಸಾಕು. ಆಮೇಲೆ ಪ್ರೈಮರ್.

ಇನ್ನೊಂದು ತಪ್ಪು ಅವಸರ. ಅಕ್ರಿಲಿಕ್ ಅರ್ಧ ಗಂಟೆಯಲ್ಲಿ ಮುಟ್ಟುವಷ್ಟು ಒಣಗುತ್ತದೆ, ಆದರೆ ಟೇಪ್ ತಡೆಯುವಷ್ಟು ಗಟ್ಟಿಯಾಗಲು ಕಡಿಮೆ ಅಂದ್ರೂ ಒಂದು ದಿನ ಬೇಕು. ನಾನು ಎರಡು ದಿನ ಆ ಕಡೆ ತಿರುಗಿಯೂ ನೋಡಲ್ಲ.

ಕಿತ್ತು ಹೋದ ಜಾಗದ ಅಂಚನ್ನು 1000 ನಂಬರ್ ಸ್ಯಾಂಡ್‌ಪೇಪರ್ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಬೆರಳಾಡಿಸಿದರೆ ಮೆಟ್ಟಿಲು ಸಿಗಬಾರದು. ಆ ತೇಪೆಗೆ ಮಾತ್ರ ಪ್ರೈಮರ್, ಮೇಲೆ ತೆಳುವಾಗಿ ಎರಡು ಕೋಟ್ ಕೆಂಪು.

ಈಗ ಗರಗಸದ ಹಲ್ಲು. ಇಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಬಿಸ್ಮಾರ್ಕ್‌ನಲ್ಲಿ ಕೆಂಪಿಗೂ ಬೂದಿಗೂ ನಡುವೆ ಒಂದು ಗಾಢ ಬಣ್ಣದ ಪಟ್ಟಿ ಇದೆ, ಬೂಟ್ ಟಾಪಿಂಗ್ ಅಂತಾರೆ. ನೀರಿನ ಮಟ್ಟದ ಜಿಡ್ಡು-ಕೊಳೆ ಎದ್ದು ಕಾಣದಿರಲಿ ಅಂತ. ಅದನ್ನು ಕೊನೆಗೆ ಹಾಕಿ. ಮೇಲೊಂದು ಟೇಪ್, ಕೆಳಗೊಂದು ಟೇಪ್, ನಡುವೆ ಗಾಢ ಬಣ್ಣ. ನಿಮ್ಮ ಗರಗಸ ಅದರ ಅಡಿಯಲ್ಲೇ ಮುಚ್ಚಿ ಹೋಗುತ್ತದೆ.

ಆದರೆ ಈ ಸಲ ಟೇಪ್ ಹಚ್ಚಿದ ಮೇಲೆ ನೇರವಾಗಿ ಗಾಢ ಬಣ್ಣ ಹೊಡೆಯಬೇಡಿ. ಕೆಳಗಿನ ಟೇಪ್ ಅಂಚಿಗೆ ಮೊದಲು ಅದೇ ಕೆಂಪು, ಮೇಲಿನ ಅಂಚಿಗೆ ಅದೇ ಬೂದು ತೆಳ್ಳಗೆ ಒಂದು ಕೋಟ್ ಕೊಡಿ. ನುಗ್ಗುವುದಾದರೆ ಕೆಂಪಿನ ಮೇಲೆ ಕೆಂಪೇ ನುಗ್ಗಲಿ, ಯಾರಿಗೆ ಕಾಣಿಸುತ್ತೆ? ಸಂದು ಮುಚ್ಚಿಕೊಂಡ ಮೇಲೆ ಗಾಢ ಬಣ್ಣ ನುಗ್ಗಲು ದಾರಿಯೇ ಇರಲ್ಲ. ಟೇಪ್ ಕೀಳುವಾಗ ನೇರ ಮೇಲಕ್ಕೆ ಎಳೆಯಬೇಡಿ, ಅದರ ಮೇಲೇ ಮಡಚಿಕೊಂಡು ಹಿಂದಕ್ಕೆ ನಿಧಾನ ಎಳೆಯಿರಿ.

ಗೆರೆ ಎಳೆಯುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳ್ತೇನೆ. ಹಡಗನ್ನು ಸಮತಟ್ಟಾದ ಮೇಜಿನ ಮೇಲೆ ಅಲುಗಾಡದ ಹಾಗೆ ನಿಲ್ಲಿಸಿ. ಪುಸ್ತಕಗಳ ಅಟ್ಟಿ ಮೇಲೆ ಪೆನ್ಸಿಲ್ ಅಡ್ಡಲಾಗಿ ಅಂಟಿಸಿ, ಎತ್ತರ ಸರಿ ಮಾಡಿ, ಅಟ್ಟಿಯನ್ನೇ ಹಡಗಿನ ಸುತ್ತ ತಳ್ಳುತ್ತಾ ಹೋಗಿ. ಕೈಯಲ್ಲಿ ಎಳೆದರೆ ಹಿಂಭಾಗದ ತಿರುವಿನಲ್ಲಿ ಗೆರೆ ಎಲ್ಲೋ ಹೋಗಿರುತ್ತದೆ. ಅಗಲ ಟೇಪ್ ಅಲ್ಲಿ ಬಾಗಲ್ಲ, ಎರಡು ಮೂರು ಮಿ.ಮೀ. ಪಟ್ಟಿಯಾಗಿ ಕತ್ತರಿಸಿಕೊಳ್ಳಿ.

ಸ್ಪ್ರೂ_ರಾಶಿ:

ಪಟ್ಟೆ ಬೇಡ. ಆ ಕಪ್ಪು-ಬಿಳಿ ಪಟ್ಟೆ ಬಾಲ್ಟಿಕ್ ಸಮುದ್ರದಲ್ಲಿದ್ದಾಗಿನದು. 1941ರ ಮೇ 21ರಂದು ನಾರ್ವೆಯ ಬರ್ಗೆನ್ ಹತ್ತಿರ ಗ್ರಿಮ್‌ಸ್ಟಾಡ್ ಫ್ಯೋರ್ಡ್‌ನಲ್ಲಿ ಲಂಗರು ಹಾಕಿದ್ದಾಗ ಅದರ ಮೇಲೆ ಬೂದು ಬಳಿದುಬಿಟ್ಟರು. ಡೆನ್ಮಾರ್ಕ್ ಜಲಸಂಧಿಯಲ್ಲಿ ಹುಡ್ ಮುಳುಗಿದ್ದು ಮೇ 24ಕ್ಕೆ. ಬಿಸ್ಮಾರ್ಕ್ ಕೂಡ ಮೇ 27ಕ್ಕೆ ತಳ ಸೇರಿತು. ಹಾಗಾಗಿ ನಿಮ್ಮ ಹಡಗಿಗೆ ಹಲ್ ಸ್ವಲ್ಪ ಗಾಢ ಬೂದು, ಮೇಲಿನ ಕಟ್ಟಡವೆಲ್ಲ ತಿಳಿ ಬೂದು, ಅಷ್ಟೇ. ನೀವು ಆರಿಸಿಕೊಂಡ ದಿನವೇ ಕೆಲಸ ಅರ್ಧ ಉಳಿಸಿದೆ, ಆ ಪಟ್ಟೆಗಳಿಗೆ ಟೇಪ್ ಹಚ್ಚಿದವನ ಸಂಕಟ ನನಗೆ ಗೊತ್ತು.

ಡೆಕ್ ವಿಚಾರ. ವಿಮಾನ ಮಾಡಿದವರೆಲ್ಲ ಎಡವುವುದು ಇಲ್ಲೇ. ವಿಮಾನವನ್ನು ಕಟ್ಟಿ ಆಮೇಲೆ ಬಣ್ಣ ಹಚ್ಚಬಹುದು. ಹಡಗಿನಲ್ಲಿ ಕಟ್ಟುವುದೂ ಬಣ್ಣವೂ ಒಟ್ಟೊಟ್ಟಿಗೆ ನಡೆಯಬೇಕು. ಡೆಕ್ ಬೇರೆ, ಗೋಪುರ ಬೇರೆ, ಫಿರಂಗಿ ಬೇರೆ, ಎಲ್ಲ ಬಣ್ಣ ಆದ ಮೇಲೆ ಜೋಡಿಸುವುದು. ಅಂಟಿಸುವ ಜಾಗದಲ್ಲಿ ಮಾತ್ರ ಬಣ್ಣ ಕೆರೆದು ತೆಗೆಯಿರಿ, ಕಿಟ್‌ನ ಸಿಮೆಂಟ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವಂಥದ್ದು, ಬಣ್ಣದ ಮೇಲೆ ಹಿಡಿಯಲ್ಲ.

ಅಂಟಿಸಿದ ಎರಡು ಅಂತಸ್ತನ್ನು ಕೀಳಲು ಹೋಗಬೇಡಿ, ಮುರಿಯುತ್ತದೆ. ಮೊದಲು ಡೆಕ್ ಬಣ್ಣ ಹೊಡೆದುಬಿಡಿ, ಗೋಡೆಗೆ ಸಿಡಿದರೂ ಪರವಾಗಿಲ್ಲ. ಆಮೇಲೆ ಸಣ್ಣ ಬ್ರಷ್ ಹಿಡಿದು ಗೋಡೆಗೆ ಬೂದು. ಗೋಡೆಗೆ ಬ್ರಷ್ ಸಿಗುತ್ತದೆ, ಮೂಲೆಯ ನೆಲಕ್ಕೆ ಸಿಗಲ್ಲ.

ಡೆಕ್ ತೇಗದ ಹಲಗೆ ಅಂತ ಕಿತ್ತಳೆಗೆ ತಿರುಗುವ ಕಂದು ಹಚ್ಚಬೇಡಿ, ಹೊಸ ಕುರ್ಚಿ ಥರ ಕಾಣಿಸುತ್ತೆ. ಬಿಸಿಲು, ಉಪ್ಪುನೀರು ತಿಂದ ತೇಗ ಬೂದು ಬಣ್ಣಕ್ಕೆ ತಿರುಗಿರುತ್ತದೆ.

ಅರೆಬರೆ:

ಮೇಲಿನವರು ಹೇಳಿದ್ದೆಲ್ಲ ಸರಿ. ಒಂದು ಮಾತು ಸೇರಿಸ್ತೇನೆ. ಈ ಸ್ಕೇಲಿನಲ್ಲಿ ಒಂದು ಮಿ.ಮೀ. ಅಂದ್ರೆ ಅಸಲಿಯಲ್ಲಿ 35 ಸೆಂ.ಮೀ. ಬ್ರಷ್‌ನಲ್ಲಿ ದಪ್ಪಗೆ ಬಳಿದರೆ ಅದು ಬಣ್ಣವಲ್ಲ, ಗಾರೆ. ಹಾಲಿನಷ್ಟು ತೆಳ್ಳಗೆ ಮಾಡಿಕೊಳ್ಳಿ, ಮೊದಲ ಕೋಟ್ ಗಲೀಜಾಗಿಯೇ ಕಾಣಿಸುತ್ತೆ, ಮೂರನೇದಕ್ಕೆ ಸರಿ ಹೋಗುತ್ತೆ.

ಲೋಹದ ಫೋಟೋ ಎಚ್ ಕಟಕಟೆ (ತೆಳು ಲೋಹದ ಹಾಳೆಯಲ್ಲಿ ಕೊರೆದು ಮಾಡಿದ, ಡೆಕ್ ಅಂಚಿನ ಕಂಬಿಬೇಲಿ) ಈ ಸಲ ಬಿಡಿ ಅಂತ ನನ್ನ ಸಲಹೆ. ಸುಮ್ನೆ ಹೇಳ್ತಿಲ್ಲ. ನನ್ನ ಮೊದಲ ಹಡಗಿಗೆ ಹಾಕಲು ಹೋಗಿ ಸೂಪರ್‌ಗ್ಲೂ ಜಾಸ್ತಿ ಆಯ್ತು, ಅದರ ಹೊಗೆಗೆ ಡೆಕ್ ಅಂಚೆಲ್ಲ ಬೆಳ್ಳಗೆ ಪುಡಿ ಕೂತ ಹಾಗೆ ಆಯ್ತು. ಕಟಕಟೆ ಮಾತ್ರ ನನ್ನ ಹೆಬ್ಬೆರಳಿಗೆ ಚೆನ್ನಾಗಿ ಅಂಟಿತ್ತು.

ಗೋಂದುಗೈ:

@ಅರೆಬರೆ ಇದನ್ನು ಒಪ್ಪಲ್ಲ. ಕಟಕಟೆ ಇಲ್ಲದ ದೊಡ್ಡ ಹಡಗು ಬೋಳುಬೋಳು ಕಾಣಿಸುತ್ತೆ. ಸೂಪರ್‌ಗ್ಲೂವನ್ನು ಸೂಜಿ ತುದಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಇಡಬೇಕು, ಬಾಟಲಿಯಿಂದ ನೇರವಾಗಿ ಸುರಿದರೆ ಹಾಗೇ ಆಗೋದು. ಆದರೆ ಮೊದಲ ಹಡಗು ಅಂತೀರಲ್ಲ, ಸರಿ, ಕೊನೆಗೆ ನೋಡಿಕೊಳ್ಳಲಿ.

ಮೊದಲ_ಹಡಗು:

ಎಲ್ಲರಿಗೂ ಥ್ಯಾಂಕ್ಸ್. ಪ್ರೈಮರ್ ಹೊಡೆದಿರಲಿಲ್ಲ, ತೊಳೆದೂ ಇರಲಿಲ್ಲ. ತೇಪೆ ಹಚ್ಚಿ ಎರಡು ದಿನ ಕಾದೆ (ಎರಡನೇ ದಿನ ನಾಲ್ಕು ಸಲ ಹೋಗಿ ನೋಡಿದೆ, ಮುಟ್ಟಲಿಲ್ಲ). ಇವತ್ತು ಗಾಢ ಪಟ್ಟಿ ಹಾಕಿ ಟೇಪ್ ಕಿತ್ತೆ. ಎಡಗಡೆ ಗೆರೆ ದಾರ ಎಳೆದ ಹಾಗೆ ಬಂದಿದೆ. ಬಲಗಡೆ ಹಿಂದುಗಡೆ ತಿರುವಿನಲ್ಲಿ ಒಂದು ಬೆರಳಗಲ ಅಲುಗಿದೆ, ಅಲ್ಲಿ ಅಗಲ ಟೇಪನ್ನೇ ಬಗ್ಗಿಸಲು ಹೋಗಿದ್ದೆ. ಅದನ್ನು ಗೋಡೆ ಕಡೆಗೆ ತಿರುಗಿಸಿ ಇಟ್ಟರೆ ಆಯ್ತು ಅಲ್ವಾ?

ಸ್ಪ್ರೂ_ರಾಶಿ:

ಆಯ್ತು. ನನ್ನ ಕಪಾಟಿನಲ್ಲಿರುವ ಹಡಗುಗಳೆಲ್ಲ ಒಂದೇ ದಿಕ್ಕಿಗೆ ಹೋಗ್ತಿರುವುದು ಅದಕ್ಕೇ.