ಸಹಾಯ ಬೇಕು: ಡ್ರಮ್ಮಿನ ಸ್ಮೋಕರ್‌ನಲ್ಲಿ ಶಾಖ ಸಮನಾಗುತ್ತಿಲ್ಲ
ಎಲ್ಲರಿಗೂ ನಮಸ್ಕಾರ. ಕಲಬುರಗಿಯ ನಮ್ಮ ಮನೆಯ ಹಿತ್ತಲಿನಲ್ಲಿ 200 ಲೀಟರಿನ ಕಬ್ಬಿಣದ ಡ್ರಮ್ಮನ್ನು ಅಡ್ಡ ಮಲಗಿಸಿ, ಒಂದು ಪಕ್ಕಕ್ಕೆ ಕಟ್ಟಿಗೆ ಉರಿಸುವ ಗೂಡನ್ನೂ ಇನ್ನೊಂದು ತುದಿಯ ನೆತ್ತಿಗೆ ಹೊಗೆಕೊಳವೆಯನ್ನೂ ವೆಲ್ಡಿಂಗ್ ಮಾಡಿಸಿ, ಮಾಂಸವನ್ನು ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಆಫ್‌ಸೆಟ್ ಸ್ಮೋಕರ್ ಸಿದ್ಧಪಡಿಸಿದ್ದೇನೆ. ಉರಿಸುವುದು ಚೆನ್ನಾಗಿ ಒಣಗಿದ ಜಾಲಿ ಕಟ್ಟಿಗೆ. ಅದಕ್ಕೆ ನಮ್ಮ ಕಡೆ ಬರವಿಲ್ಲ. ಒಳಗೆ 110ರಿಂದ 135 ಡಿಗ್ರಿ ಸೆಲ್ಸಿಯಸ್ ಇರಬೇಕು. ಆದರೆ ಗೂಡಿನ ಪಕ್ಕದಲ್ಲಿ 160 ದಾಟಿದರೂ ಕೊಳವೆಯ ಕಡೆ 100 ಮುಟ್ಟದೆ, ಒಂದು ತುದಿಯ ಮಟನ್ ಕರಕಲಾಗಿ ಇನ್ನೊಂದು ತುದಿಯದು ಹಸಿಯಾಗಿಯೇ ಉಳಿಯುತ್ತದೆ. ಗೂಡಿನ ಬಾಯಿಗೆ ಇಳಿಜಾರಾಗಿ ತಗಡು ಕೂರಿಸಿದಾಗ ಶಾಖವೇನೋ ಸಮನಾಯಿತು. ಆದರೆ ಗಾಳಿಯ ಎಳೆತ ತಗ್ಗಿ, ದಟ್ಟ ಬಿಳಿ ಹೊಗೆ ತುಂಬಿ ಮಾಂಸ ಕಹಿಯಾಗುತ್ತಿದೆ. ಇಂಥದ್ದನ್ನು ಕಟ್ಟಿದ ಅನುಭವವಿರುವವರು ದಯವಿಟ್ಟು ತಿಳಿಸಿ: ತಗಡನ್ನು ಹಾಗೆಯೇ ಬಿಟ್ಟು ಕೊಳವೆಯ ಬಾಯಿಯನ್ನು ಒಳಗೆ ಮಾಂಸವಿಡುವ ಜಾಲರಿಯ ಮಟ್ಟಕ್ಕೆ ಇಳಿಸಿ, ಹೊರಗೆ ಅದರ ಎತ್ತರ ಹೆಚ್ಚಿಸಬೇಕೆ, ಅಥವಾ ತಗಡಿನ ಕೆಳಗಿನ ಸಂದನ್ನು ಅಗಲಿಸಿದರೆ ಸಾಕೆ?